ನನ್ನ ಅಳತೆಯ ಬಂದೂಕು

ಗುರುವಾರ ಸಂಜೆ

ಅಪ್ಪ,

ತೀರ್ಥರೂಪು ಎಂದು ಶುರು ಮಾಡಲು ಇವತ್ತು ಮನಸ್ಸು ಬರುತ್ತಿಲ್ಲ. ನಮಸ್ಕಾರ ಇದೆ, ಅಷ್ಟನ್ನು ತೆಗೆದುಕೊಳ್ಳಿ. ಫೋನಿನಲ್ಲಿ ಬೈದರೆ ನೀವು ಅದನ್ನು ಅಮ್ಮನ ಕೈಗೆ ಕೊಟ್ಟು ಎದ್ದು ಹೋಗುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ.

ನಾನು ನಿಮ್ಮ ಹತ್ತಿರ ಬಿಟ್ಟುಹೋದದ್ದು ಬಂದೂಕಿನ ಹಿಂದಿನ ಮರವನ್ನು ಮಾತ್ರ, ಭುಜಕ್ಕೆ ಆನಿಸುತ್ತೇವಲ್ಲ, ಆ ಭಾಗ. ಹೇಳಿದ್ದು ಒಂದೇ ಮಾತು: ಗೀರುಗಳನ್ನು ಉಜ್ಜಿ ಎಣ್ಣೆ ಕುಡಿಸಿಕೊಡಿ. ನೀವು ಉಜ್ಜಿದಿರಿ, ಎಣ್ಣೆಯನ್ನೂ ಕುಡಿಸಿದಿರಿ, ಕನ್ನಡಿಯ ಹಾಗೆ ಹೊಳೆಯುತ್ತಿದೆ. ಜೊತೆಗೆ ಹಿಂದಿನಿಂದ ಎರಡು ಬೆರಳಷ್ಟು ಕುಯ್ದು ಹಾಕಿದಿರಿ. ಯಾರನ್ನು ಕೇಳಿ?

ಆ ಬಂದೂಕನ್ನು ಆರಿಸಲು ನಾನು ಎಷ್ಟು ಅಲೆದಿದ್ದೆ ಗೊತ್ತೇ ನಿಮಗೆ? ಹಾರುವ ಮಣ್ಣಿನ ಬಿಲ್ಲೆಗೆ ಹೊಡೆಯುವ ಆಟ ದುಡ್ಡಿದ್ದವರದ್ದು ಎಂದು ನೀವೇ ಮೂಗು ಮುರಿದಿದ್ದಿರಿ. ನನ್ನ ಸಂಬಳಕ್ಕೆ ಎಟುಕುವ ಹೊಸದೆಂದರೆ, ಹೊರಗೆ ಬೆಳ್ಳಿಬಣ್ಣದ ಹೂಬಳ್ಳಿ, ಒಳಗೆಲ್ಲ ಸಡಿಲ. ಎಲ್ಲ ಅಂಗಡಿಯವರೂ ಅದನ್ನೇ ಕೈಗೆ ತುರುಕಲು ನೋಡಿದರು. ಕೊನೆಗೆ ಒಂದು ಕಡೆ ಮೂಲೆಯಲ್ಲಿದ್ದ ಹಳೆಯದನ್ನು ಕೇಳಿದೆ: ಒಂದರ ಮೇಲೊಂದು ಎರಡು ನಳಿಗೆ, ಮರದ ತುಂಬ ಗೀರು, ನೋಡಲು ಏನೂ ಇಲ್ಲ. ಅಂಗಡಿಯ ಮುದುಕ ಹೇಳಿದ, "ಕಣ್ಣು ಮುಚ್ಚಿ ಭುಜಕ್ಕಿಡಮ್ಮ, ಆಮೇಲೆ ಕಣ್ಣು ಬಿಡು. ನೆಟ್ಟಗೆ ಕಣ್ಣೆದುರಿಗೇ ನಿಂತಿದ್ರೆ ತಗೋ, ಇಲ್ದಿದ್ರೆ ಚಿನ್ನದ್ದಾದ್ರೂ ಬೇಡ." ಕಣ್ಣು ಬಿಟ್ಟೆ. ನಳಿಗೆಯ ತುದಿಯ ಮಣಿ ಸರಿಯಾಗಿ ಕಣ್ಣೆದುರಿಗಿತ್ತು. ನನಗೆಂದೇ ಮಾಡಿದಂಥ ವಸ್ತು ಜೀವನದಲ್ಲಿ ಅದೊಂದೇ ಸಿಕ್ಕಿದ್ದು ಅಪ್ಪ, ಅದೂ ಅರ್ಧ ಬೆಲೆಗೆ.

ನಿನ್ನೆ ಮೈದಾನದಲ್ಲಿ ಮರ ಜೋಡಿಸಿ ಹೊಡೆದೆ. ಒಂದು ಬಿಲ್ಲೆಯೂ ಒಡೆಯಲಿಲ್ಲ. ಮರ ಗಿಡ್ಡವಾಗಿ ಹಿಡಿದ ಕೈ ಮುಖಕ್ಕೇ ಹತ್ತಿರವಾಗಿತ್ತು, ಪ್ರತಿ ಸಲವೂ ನನ್ನದೇ ಹೆಬ್ಬೆರಳು ಬಂದು ಮೂಗಿಗೆ ಬಡಿಯಿತು, ಕೆನ್ನೆ ಬಾತು ನೀಲಿಗಟ್ಟಿದೆ. ಜೊತೆಯವರು ನಗು ತಡೆದುಕೊಂಡದ್ದು ನನಗೆ ಕಾಣಲಿಲ್ಲ ಎಂದುಕೊಂಡಿರಾ? ಮುಂದಿನ ವಾರದ ಭಾನುವಾರ ತಂಡದ ಆಯ್ಕೆ. ಆ ದಿನಕ್ಕಾಗಿ ಎಷ್ಟು ಕಾದಿದ್ದೇನೆ ಎಂಬುದು ಅಮ್ಮನಿಗೆ ಗೊತ್ತು. ಇನ್ನೊಂದು ಬಂದೂಕು ಕೊಳ್ಳುವ ಶಕ್ತಿ ನನಗಿಲ್ಲ.

ಮೈ ಉರಿದು ನೇರ ನಿಮ್ಮ ಕಾರ್ಖಾನೆಗೆ ಬಂದೆ. ನೀವು ಮರ ತರಲು ಹೋಗಿದ್ದಿರಿ. ಅಮ್ಮ ಬಾಗಿಲಲ್ಲೇ ನಿಂತು ನಿಮ್ಮ ಪರ ವಹಿಸಿದರು: "ಅಂದಾಜಿಗೆ ಕುಯ್ದಿಲ್ಲಮ್ಮ, ನಿನ್ನ ಕೋಲು ಇಟ್ಟು ನೋಡೇ ಕುಯ್ದಿದ್ದು."

ಆಗ ನೆನಪಾಯಿತು. ಟೇಪು ಮುಟ್ಟದ ಬಡಗಿ ನೀವು. ಮನೆಯ ಒಬ್ಬೊಬ್ಬರಿಗೂ ಒಂದೊಂದು ಅಳತೆಕೋಲು. ಕುರ್ಚಿ, ಮೇಜು ಏನು ಮಾಡಿದರೂ ಅದರ ಗುರುತಿನಂತೆಯೇ. ಎಲ್ಲವೂ ಗೋಡೆಯಲ್ಲಿ ನೇತಾಡುತ್ತಿದ್ದವು. ತಮ್ಮನ ಕೋಲಿನ ತುಂಬ ಗುರುತು, ಅವನ ಮದುವೆಯ ವರ್ಷದವರೆಗೂ. ನನ್ನದರಲ್ಲಿ ತೋಳಿನುದ್ದಕ್ಕೆ ಒಂದೇ ಗುರುತು, ಹನ್ನೆರಡನೇ ವಯಸ್ಸಿನದು. ಅದಾದ ಮೇಲೆ, ಉಳಿ ಗರಗಸದ ನಡುವೆ ಹೆಣ್ಣುಹುಡುಗಿಗೇನು ಕೆಲಸ ಎಂದು ನನ್ನನ್ನು ಮನೆಯೊಳಕ್ಕೆ ಅಟ್ಟಿದಿರಿ. ಮತ್ತೆ ಅಳೆಯಲೇ ಇಲ್ಲ. ಆ ಹನ್ನೆರಡರ ತೋಳಿಗೇ ಈಗ ಬಂದೂಕಿನ ಮರ ಕುಯ್ದಿದ್ದೀರಿ.

ಬಂದೂಕು ಹಾಳಾದದ್ದಕ್ಕಿಂತ ಇದೇ ಹೆಚ್ಚು ಉರಿಯುತ್ತಿದೆ. ಮೂವತ್ತು ದಾಟಿದ ಮಗಳು ಎದುರು ನಿಂತು ಮರವನ್ನು ಕೈಗಿಟ್ಟಾಗಲೂ ನಿಮಗೆ ಕಂಡದ್ದು ಆ ಹುಡುಗಿಯೇ. ಒಮ್ಮೆ ತಲೆಯೆತ್ತಿ ನೋಡಿದ್ದರೆ ಸಾಕಿತ್ತು. ಕ್ಷಮೆ ಕೇಳಬೇಡಿ, ಅದು ನಿಮಗೆ ಬರುವುದಿಲ್ಲ. ಆಯ್ಕೆಯ ದಿನ ಮೈದಾನದ ಕಡೆ ಬರಲೂ ಬೇಡಿ.

ಇಂತಿ,
ಕೆನ್ನೆ ಊದಿಸಿಕೊಂಡು ಕೂತಿರುವ
ನಿಮ್ಮ ಮಗಳು

ತಾ.ಕ.: ತಮ್ಮ ತರುವ ಉದ್ದನೆಯ ಪೊಟ್ಟಣದಲ್ಲಿ ಮರವೂ ಇದೆ, ನನ್ನ ಕೋಲೂ ಇದೆ. ಹೌದು, ನಿನ್ನೆ ನಾನೂ ಯಾರನ್ನೂ ಕೇಳದೆ ಕೋಲನ್ನು ಗೋಡೆಯಿಂದ ಎತ್ತಿಕೊಂಡು ಬಂದಿದ್ದೆ. ಕುಯ್ದ ತುಂಡನ್ನು ನೀವು ಒಲೆಗೆ ಹಾಕದೆ ಮಂಚದ ಪಕ್ಕ ಇಟ್ಟುಕೊಂಡಿದ್ದೀರಂತೆ, ಅಮ್ಮ ಹೇಳಿದರು. ಅದನ್ನೇ ಮತ್ತೆ ಅಂಟಿಸಿ. ಜೋಡಿಸಿದ ಗೆರೆ ಕಂಡರೆ ಕಾಣಲಿ. ಕೋಲಿನ ಹಳೇ ಗುರುತನ್ನು ಕೆರೆದು ಹಾಕಬೇಡಿ; ಅದಕ್ಕಿಂತ ಮೇಲೆ ಈಗಿನ ತೋಳಿನ ಗುರುತನ್ನು ಚಾಕುವಿನಿಂದ ಹಾಕಿದ್ದೇನೆ. ಒಬ್ಬಳೇ ಕೋಲು ಹಿಡಿದು ಒಬ್ಬಳೇ ಗುರುತು ಮಾಡಿದ್ದು, ಸೊಟ್ಟಗಾಗಿದೆ. ಅದನ್ನು ನಂಬಿ ಅಂಟು ಹಚ್ಚಬೇಡಿ. ಶನಿವಾರ ಬೆಳಿಗ್ಗೆ ಬರುತ್ತೇನೆ, ನೀವೇ ಅಳೆಯಿರಿ.