ನಾಹಿದಾ ಹಾಕಿದ ಗಂಟು

ಗೆಳೆಯ ಶಕೀಲ,

ನೀನು ಮಣ್ಣು ಸೇರಿ ಮೂರು ವರ್ಷವಾದರೂ ಇದನ್ನು ನಿನಗೇ ಹೇಳಬೇಕು. ನಾವಿಬ್ಬರೂ ಕ್ಯಾಸೆಟ್ಟಿನಲ್ಲಿ ಕೇಳುತ್ತಿದ್ದ ಗಿಟಾರ್ ಉಸ್ತಾದರನ್ನು ನಿನ್ನೆ ಬಾಗಲಕೋಟೆಯ ಸಂಗೀತ ಕಾರ್ಯಕ್ರಮದಲ್ಲಿ ಕಣ್ಣಾರೆ ಕಂಡೆ. ಅವರಿಗಿಂತ ಮೊದಲು ಬಾರಿಸಿದವಳು ನಿನ್ನ ಮಗಳು ನಾಹಿದಾ.

ನಡುವೆ ಅವಳ ತಂತಿ ಹರಿಯಿತು. ಜನ ನಕ್ಕರು. ಅವಳು ಇಳಕಲ್ ಮಗ್ಗದಲ್ಲಿ ಎಳೆಗೆ ಎಳೆ ಕೂಡಿಸುವ ಗಂಟನ್ನೇ ಹಾಕಿ, ತಂತಿ ಬಿಗಿದು ಮತ್ತೆ ಬಾರಿಸಿದಳು. ಉಸ್ತಾದರು ಎದ್ದುನಿಂತು, "ಇನ್ನೊಂದು ಬಾರಿಸಮ್ಮಾ, ನಾನು ಕಾಯ್ತೀನಿ" ಅಂದರು. "ನೋಡಲೇ" ಎಂದು ನಿನಗೆ ಹೇಳಲು ಪಕ್ಕಕ್ಕೆ ತಿರುಗಿದೆ. ಕೂತವರು ಬೇರೆ ಯಾರೋ.

ಹುನಗುಂದದ ಮದುವೆಯಲ್ಲಿ ನಿನ್ನ ತಂತಿ ಹರಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. "ಲೇ, ನಿನಗ ಮಗ್ಗಾನ ಸರಿ" ಅಂದಿದ್ದೆ. ಮರುದಿನವೇ ನೀನು ಗಿಟಾರ್ ಅಟ್ಟಕ್ಕೇರಿಸಿದೆ.

ಕಾರ್ಯಕ್ರಮ ಮುಗಿದ ಮೇಲೆ ಹೊರಗೆ ಕಟ್ಟೆಯ ಮೇಲೆ ಕೂತಾಗ ನಾಹಿದಾ ಕೇಳಿದಳು: "ಕಾಕಾ, ಅಬ್ಬಾ ಬಾರಿಸೋದು ಯಾಕ ಬಿಟ್ರು?"

"ಚಾ ತರ್ತೇನಿ, ತಡಿಯವ್ವಾ" ಎಂದು ಎದ್ದುಬಿಟ್ಟೆ.

ಗಾಳೆಪ್ಪ