ಕ್ಲಾರಿಸಮ್ಮನ ಅರ್ಧ ಹಾಡು

ಕೋಲಾರದ ಕೆಳಪೇಟೆ, ಇಸವಿ ೨೧೮೪, ಫೆಬ್ರವರಿ ಮೂವತ್ತು

ನನ್ನ ಮುತ್ತಜ್ಜನ ಕಾಲದ ಮಾನ್ಯರೇ,

ತಾರೀಖು ತಪ್ಪಿಲ್ಲ. ಬೇಸಿಗೆಯ ತಿಂಗಳುಗಳನ್ನು ಮೋಟು ಮಾಡಿ, ಉಳಿದ ದಿನಗಳನ್ನು ಫೆಬ್ರವರಿಗೆ ಸೇರಿಸಿದ್ದೇವೆ. ಬಿಸಿಲೇನೂ ಮೋಸ ಹೋಗಲಿಲ್ಲ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಮನ್ನಿಸಿ. ನೀವೆಲ್ಲ ಚಿನ್ನ ತೆಗೆದು ಬಿಟ್ಟುಹೋದ ಗಣಿಯ ಪೊಳ್ಳಿಗೆ ನಾವು ಕೆಳಪೇಟೆ ಎನ್ನುತ್ತೇವೆ. ಮೇಲೆ ಬದುಕಲಾಗದೆ ಅದರೊಳಗೇ ಸಂಸಾರ ಹೂಡಿದ್ದೇವೆ. ನಾನು ಪಿಳ್ಳಪ್ಪ. ಸುರಂಗದಲ್ಲಿ ತಣ್ಣೀರು ಮಾರಿ, ಅದಕ್ಕಿಂತ ಜಾಸ್ತಿ ಮಾತು ಮಾರಿ, ಈಗ ಒಂದು ಹಾಡಿನ ಹಜಾರದ ಯಜಮಾನ.

ಅಲ್ಲಿ ಹಾಡುವವರು ಕ್ಲಾರಿಸಮ್ಮ. ಹಾಡುವುದು ಜಾಝ್. ಅವರಿಗೆ ಹೆಸರು ತಂದ ಹಾಡು ಒಂದೇ, ಗಣಿಯ ಲಿಫ್ಟಿಗೆ ಕಾಯುವ ಹೆಂಗಸಿನದು. ಸೋಮವಾರ ಅದು ಜೋಗುಳ, ಗುರುವಾರ ಗಂಡನ ಜೊತೆ ಜಗಳ. ಒಮ್ಮೆ ಮೂರನೇ ಸಾಲಿನಲ್ಲಿ ಯಾರೋ ಕೆಮ್ಮಿದರು. ಕ್ಲಾರಿಸಮ್ಮ ಆ ಕೆಮ್ಮನ್ನೇ ಸ್ವರ ಮಾಡಿಕೊಂಡು ಮೇಲೆ ಹತ್ತಿದರು. ಗಾಳಿಯಂತ್ರ ಕಿರುಗುಟ್ಟಿದರೆ ಅದರ ಜೊತೆಗೂ ಹರಟೆ. ಡ್ರಮ್ ಬಾರಿಸುವ ಅರುಳಪ್ಪ ಪ್ರತಿ ಸಲವೂ ಹೊಸ ಸೊಸೆಯ ಹಾಗೆ ಹೆದರಿ ಅವರ ಮುಖ ನೋಡುತ್ತಾನೆ. ಜನ ಎಲ್ಲಿ ಆಕಳಿಸುತ್ತಾರೆ, ಎಲ್ಲಿ ಎದ್ದು ಹೋಗುತ್ತಾರೆ ಎಂದು ಎಣಿಸುವುದೇ ನನ್ನ ಕಸುಬು. ಅವರು ಹಾಡುವಾಗ ನನಗೆ ಎಣಿಸಲು ಏನೂ ಸಿಗುವುದಿಲ್ಲ.

ಈಗ ಮುಂಗೇಳುಗನ ವಿಷಯ. ಅದು ಹಾಲಿನ ಕ್ಯಾನಿನಷ್ಟು ದೊಡ್ಡ ಯಂತ್ರ. ಹಾಡುಗಳ ಲೆಕ್ಕ ಇಡುವ ಸರ್ಕಾರಿ ದನಿಮಂಡಳಿಯವರು ಪ್ರತಿ ಹಜಾರದ ಮೊದಲ ಸಾಲಿನಲ್ಲೂ ಕೂರಿಸಿದ್ದಾರೆ. ಎರಡು ಸಲ ಒಂದೇ ಥರ ಕೇಳಿದ್ದನ್ನು ಅದು ಹಿಡಿದುಬಿಡುತ್ತದೆ. ಮುಂದಿನ ಸಲ ಹಾಡುವವರಿಗಿಂತ ಮೊದಲೇ ಹಾಡುತ್ತದೆ, ಹಸಿರು ದೀಪ ಹತ್ತುತ್ತದೆ. ಇಡೀ ಹಾಡು ಹೀಗೆ ಸಿಕ್ಕಿತೋ, ದನಿ ಮಂಡಳಿಗೆ ಜಮೆ. ಆಮೇಲೆ ಯಂತ್ರವೇ ಹಾಡಬೇಕು. ಆ ಹಾಡುಗಾರರು ಮತ್ತೆ ಜನರೆದುರು ಬಾಯಿ ತೆರೆಯುವಂತಿಲ್ಲ. ಮದುವೆಮನೆಯ ಹಾಡುಗಾರರು ಮೊದಲು ಹೋದರು, ಆಮೇಲೆ ಭಜನೆಯವರು. ಕ್ಲಾರಿಸಮ್ಮನ ಮುಂದೆ ಮಾತ್ರ ಅದು ಪೆದ್ದನಂತೆ ತೊದಲುತ್ತಿತ್ತು. ಜನ ನಗುತ್ತಿದ್ದರು, ನಾನೂ.

ಆದರೆ ನಮ್ಮ ಜನಕ್ಕೆ ನಿಮ್ಮ ನಾಟಕ ಕಂಪನಿಗಳ ಕಾಲದ ಚಾಳಿಯೊಂದು ರಕ್ತದಲ್ಲೇ ಇದೆ. ಚೆನ್ನಾಗಿದ್ದರೆ 'ಒನ್ಸ್ ಮೋರ್' ಎಂದು ಕೂಗದೆ ಇರಲಾರರು. ಕ್ಲಾರಿಸಮ್ಮ ಯಾವತ್ತೂ ನಕ್ಕು, "ಅದು ಹೋಯ್ತು, ಬೇರೆ ಕೊಡ್ತೀನಿ" ಎನ್ನುತ್ತಿದ್ದರು. ಹೋದ ವಾರ ಸೊಪ್ಪಿನಂಗಡಿಯ ಅಕ್ಕಯಮ್ಮ ಎದ್ದು ನಿಂತು, ಕಣ್ಣೀರು ಸುರಿಸುತ್ತ, "ಒನ್ಸ್ ಮೋರ್ ತಾಯೀ, ಸಾಯೋದ್ರೊಳಗೆ ಅದ್ನೇ ಇನ್ನೊಂದು ಸಲ!" ಎಂದಳು. ಇಡೀ ಹಜಾರ ದನಿಗೂಡಿಸಿತು. ಕ್ಲಾರಿಸಮ್ಮ ಕರಗಿದರು. ಅದನ್ನೇ ಹಾಡಿದರು, ಅರ್ಧದವರೆಗೆ ಹಾಗೆಯೇ. ಜನ ಮತ್ತೆ ಕೂಗಿದರು. ಅವರು ಉಸಿರೆಳೆದುಕೊಂಡರು, ಅಷ್ಟರಲ್ಲಿ ಮೊದಲ ಸಾಲಿನಿಂದ ಅವರದೇ ದನಿ ಬಂತು.

ಹಸಿರು ದೀಪ. ಅರುಳಪ್ಪನ ಕೋಲು ಗಾಳಿಯಲ್ಲೇ ನಿಂತಿತು.

"ಪಿಳ್ಳಪ್ಪಣ್ಣಾ, ಎಷ್ಟು ಹೋಯ್ತು?" ಎಂದರು ಕ್ಲಾರಿಸಮ್ಮ ಆಮೇಲೆ.

"ಅರ್ಧ, ಅಮ್ಮಾ."

"ಅಷ್ಟು ಆಸೆಯಿಂದ ಕೇಳ್ತಾರೆ, ಇಲ್ಲ ಅನ್ನೋಕೆ ನಾನೇನು ಕಲ್ಲಾ?"

ಉಳಿದ ಅರ್ಧ ಇವತ್ತು ಹಾಡಬೇಕು. ಹಾಡದೆ ಮನೆಯಲ್ಲಿ ಕೂತರೂ ಮಂಡಳಿಯ ಕಟ್ಟಳೆಯಲ್ಲಿ ಸೋತ ಲೆಕ್ಕವೇ. ಯಾರೂ 'ಒನ್ಸ್ ಮೋರ್' ಕೂಗದಂತೆ ಬಾಗಿಲಲ್ಲಿ ಎಲ್ಲರ ಬಾಯಿಗೂ ಕಲ್ಲುಸಕ್ಕರೆ ತುರುಕಿ ಒಳಗೆ ಬಿಟ್ಟಿದ್ದೇನೆ. "ಏನ್ ಪಿಳ್ಳಪ್ಪಾ, ಮದುವೆಗೆ ಕರೆದ್ಯಾ?" ಎಂದು ಕಿಚಾಯಿಸಿದವರೂ ಯಂತ್ರದ ದೀಪ ನೋಡಿ ಗಪ್ಪಾದರು. ಅಕ್ಕಯಮ್ಮ ಸೆರಗನ್ನೇ ಬಾಯಿಗೆ ತುಂಬಿಕೊಂಡು ಮೂಲೆಯಲ್ಲಿ ಕೂತಿದ್ದಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಚೆನ್ನಾಗಿತ್ತು.

ಮಾನ್ಯರೇ, ನಿಮ್ಮ ಊರಲ್ಲಿ ಇನ್ನೂ ಜೀವವಿರುವ ಗಂಟಲುಗಳಿವೆ. ಫೋನೆತ್ತಿ ಹಿಡಿಯಬೇಡಿ. ಅದೇ ಬೇಕೆಂದು ಹಠ ಮಾಡಬೇಡಿ. ಒಂದು ಸಲ ಕೇಳಿ, ಮನೆಗೆ ಹೋಗಿ. ನೀವು ಬೇಡಿ ಪಡೆದ ಪ್ರತಿ 'ಇನ್ನೊಂದು ಸಲ'ವೂ ಯಂತ್ರವಾಗಿ ನಮ್ಮ ತಲೆಯ ಮೇಲೆ ಬಂದು ಕೂತಿದೆ.

ಡ್ರಮ್ ಶುರುವಾಯಿತು. ನಾನೂ ಬಾಯಿಗೆ ಕಲ್ಲುಸಕ್ಕರೆ ಹಾಕಿಕೊಂಡಿದ್ದೇನೆ. ಅವರು ಹಾಡು ಎತ್ತಿದರು. ಅಯ್ಯೋ, ಇಂಥದ್ದು ನಾನು ಯಾವತ್ತೂ ಕೇಳಿಲ್ಲ. ಸಕ್ಕರೆ ಕರಗುತ್ತಿದೆ.