ಮೇಜು ಮೂರು ಒಳಗೆ ಬರಬಹುದೇ?

ಸೆಪ್ಟೆಂಬರ್ 14
ಭಾನುವಾರ, ಮಧ್ಯಾಹ್ನ

ನನ್ನ ಚಿನಕುರುಳಿ,

ಹೇಗಿದ್ದೀಯ? ಊಟ ಆಯಿತಾ? ಈ ಕಾಗದ ನಿನ್ನ ಕೈ ಸೇರುವಾಗ ಯಾವ ಹೊತ್ತಾಗಿರುತ್ತದೋ ಏನೋ, ಆದರೂ ಕೇಳುತ್ತಿದ್ದೇನೆ, ಆಯಿತಾ? ಕ್ಲಾಸು ಕ್ಲಾಸು ಅಂತ ಹೊಟ್ಟೆ ಒಣಗಿಸಿಕೊಂಡು ಕೂರಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನ ಮೊಣಕಾಲು ಮಾತ್ರ ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತಂತೆ. ಊರವರ ಲಿಫ್ಟ್ ಎಲ್ಲಾ ರಿಪೇರಿ ಮಾಡುವ ಮನುಷ್ಯ, ನಮ್ಮ ಮನೆಗೆ ಮಾತ್ರ ಮೆಟ್ಟಿಲೇ ಗತಿ ಅಂತ ದಿನಾ ಹೇಳಿಕೊಂಡು ನಗುತ್ತಾರೆ.

ತಡವಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಹೋದ ಭಾನುವಾರ ನೀನು ಫೋನಿನಲ್ಲಿ ಅತ್ತೆಯಲ್ಲ, ಆವತ್ತಿಂದ ನನಗೆ ಯಾವುದರಲ್ಲೂ ಮನಸ್ಸಿಲ್ಲ. ಫೋನ್ ಮಾಡೋಣ ಅಂದರೆ ಎರಡು ಮಾತಿಗೆ "ಆಯ್ತಮ್ಮ, ಆಯ್ತಮ್ಮ" ಅಂತ ಇಟ್ಟುಬಿಡುತ್ತೀಯ. ಕಾಗದ ಆದರೆ ಮಧ್ಯದಲ್ಲಿ ಇಡುವ ಹಾಗಿಲ್ಲ. ಎರಡು ಸಲ ಬರೆದು ಹರಿದೆ. ಅಕ್ಷರ ತಪ್ಪಿದ್ದರೆ ಮನಸ್ಸಿನಲ್ಲೇ ತಿದ್ದಿಕೋ ತಾಯಿ, ಕೆಂಪು ಇಂಕು ತೆಗೆಯಬೇಡ. ಅಂಚೆಗೆ ಹಾಕಿದರೆ ಎಲ್ಲಿ ಕಳೆದುಹೋಗುತ್ತದೋ ಅಂತ ಭಯ. ಮಂಗಳವಾರ ನಿಮ್ಮಪ್ಪ ನಿಮ್ಮ ಕಡೆಗೇ ಕೆಲಸಕ್ಕೆ ಬರುತ್ತಾರಂತೆ, ಕೈಯಲ್ಲೇ ಕೊಡುತ್ತಾರೆ. ಅವರು ಕೊಡುವುದನ್ನು ಮರೆತರೆ ನೀನೇ ಕೇಳು. ಅಯ್ಯೋ, ಕಾಗದ ಓದದೆ ನಿನಗೆ ಹೇಗೆ ಗೊತ್ತಾಗುತ್ತೆ! ನೋಡು, ನನ್ನ ತಲೆ ಹೀಗಾಗಿದೆ.

ಗುರುವಾರ ನಿನ್ನ ಆನ್‌ಲೈನ್ ತರಗತಿಯನ್ನು ಹೆಡ್ ಮೇಡಂ ನೋಡುತ್ತಾರೆ, ಯಾರ ಮನೆಯವರು ಬೇಕಾದರೂ ಬಂದು ನೋಡಬಹುದು, ಅದು ಕೆಟ್ಟರೆ ನಿನ್ನನ್ನು ಪಾಠದಿಂದ ತೆಗೆದು ಆಫೀಸಿನಲ್ಲಿ ಕೂರಿಸುತ್ತಾರೆ ಅಂದೆ. ಹೋದ ಸಲ ಮಕ್ಕಳೆಲ್ಲ ಒಟ್ಟಿಗೆ ಕಿರುಚಿದರು, ಬೋರ್ಡಿನ ಮೇಲೆ ಯಾರೋ ನಿನ್ನ ಹೆಸರಿಗೆ ಮೀಸೆ ಬರೆದರು, ಅರ್ಧ ಪಾಠದಲ್ಲಿ ನಿನ್ನ ನೆಟ್‌ವರ್ಕೇ ಹೋಯಿತು ಅಂದೆ. ಕೊನೆಗೆ, "ನನ್ ಕೈಲಾಗಲ್ಲಮ್ಮ, ಈ ಕೆಲಸಾನೇ ಬೇಡ" ಅಂದೆ. ಆ ಮಾತು ನನ್ನ ಕಿವಿಯಲ್ಲೇ ಕೂತಿದೆ. ಚಿಕ್ಕವಳಿದ್ದಾಗ ದಿಂಬುಗಳನ್ನು ಸಾಲಾಗಿ ಕೂರಿಸಿ ಪಾಠ ಹೇಳುತ್ತಿದ್ದವಳು ನೀನು. ಮಾತು ಕೇಳದ ದಿಂಬಿಗೆ ಏಟು ಕೊಟ್ಟು ಹತ್ತಿ ಈಚೆ ಬರಿಸಿದವಳು!

ಈಗ ಒಂದು ವಿಷಯ ಹೇಳುತ್ತೇನೆ. ನಗಬಾರದು. ನಕ್ಕರೂ ಪರವಾಗಿಲ್ಲ, ನಿಮ್ಮಪ್ಪ ಆಗಲೇ ನಕ್ಕು ಮುಗಿಸಿದ್ದಾರೆ. ನಾನು ಶಾಲೆಗೆ ಸೇರಿದ್ದೇನೆ. ಓದು ಅರ್ಧಕ್ಕೆ ಬಿಟ್ಟ ದೊಡ್ಡವರಿಗೆ ಅಂತ ನಮ್ಮ ಲೈಬ್ರರಿಯವರು ಸಂಜೆ ಹೊತ್ತು ಫೋನಿನಲ್ಲೇ ತರಗತಿ ನಡೆಸುತ್ತಾರೆ. ಈ ಬೇಸಿಗೆಯಿಂದ ಹೋಗುತ್ತಿದ್ದೇನೆ. ಹೋಗುವುದು ಅಂದರೆ ಏನು, ಲಾಂಡ್ರಿಯಲ್ಲಿ ಆಸ್ಪತ್ರೆಯ ಬೆಡ್‌ಶೀಟಿಗೆ ಇಸ್ತ್ರಿ ಹಾಕಿ ಮುಗಿದ ಮೇಲೆ ಫೋನನ್ನು ಗಂಜಿಪುಡಿ ಡಬ್ಬಕ್ಕೆ ಒರಗಿಸಿ ಅಲ್ಲೇ ಸ್ಟೂಲಿನ ಮೇಲೆ ಕೂರುತ್ತೇನೆ. ಹಬೆಗೆ ಫೋನಿನ ಗಾಜು ಮಂಜಾಗುತ್ತದೆ. ಒರೆಸಿದರೆ ಮೇಷ್ಟ್ರು ಕಾಣುತ್ತಾರೆ, ಬಿಟ್ಟರೆ ಮಾಯ.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ಫೇಲಾದರೆ? ಅದಕ್ಕೇ.

ನಿನ್ನ ತರಗತಿಯ ಬಗ್ಗೆ ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ ನಾನು. ಆದರೆ ನೀನು ಗಾಜಿನ ಆ ಕಡೆ ಕೂರುತ್ತೀಯ, ನಾನು ಈ ಕಡೆ. ಈ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳಬಹುದಲ್ಲ.

ಮೊದಲನೇ ದಿನ ಏನಾಯಿತು ಕೇಳು. ತಲೆ ಬಾಚಿ, ಒಳ್ಳೆ ಬಟ್ಟೆ ಹಾಕಿಕೊಂಡು, ಮೇಷ್ಟ್ರು ಕೊಟ್ಟ ಲಿಂಕನ್ನು ಒತ್ತಿದೆ. "ದಯವಿಟ್ಟು ಕಾಯಿರಿ, ನಿಮ್ಮನ್ನು ಒಳಗೆ ಕರೆಯಲಾಗುವುದು" ಅಂತ ಬಂತು. ಕಾದೆ. ಬೆನ್ನು ನೆಟ್ಟಗೆ ಮಾಡಿಕೊಂಡು, ನೀರೂ ಕುಡಿಯದೆ ಕಾದೆ. ಡಾಕ್ಟರ ಹತ್ತಿರ ಹೋದರೆ ಕಾಯುವುದಿಲ್ಲವಾ, ಹಾಗೇ ಇಲ್ಲೂ ಸರದಿ ಇರುತ್ತದೆ ಅಂದುಕೊಂಡೆ. ಪಾಠವೇ ಮುಗಿದುಹೋಯಿತು! ಮನೆಗೆ ಬಂದಾಗ ನಿಮ್ಮಪ್ಪ, "ಏನ್ ಕಲಿಸಿದ್ರು?" ಅಂದರು. "ಕಾಯೋದು ಕಲಿಸಿದ್ರು" ಅಂದೆ. ಮಾರನೇ ದಿನ ಮೇಷ್ಟ್ರಿಗೆ ಗೊತ್ತಾಗಿ ಪಾಪ ಆ ಹುಡುಗ ಒದ್ದಾಡಿಹೋದರು. ಹುಡುಗ ಅಂದರೆ ನಿನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. "ಅಮ್ಮಾ, ಬಾಗಿಲು ನೋಡ್ಲೇ ಇಲ್ಲ, ತಪ್ಪಾಯ್ತು" ಅಂದರು. ಅದಕ್ಕೇ ಹೇಳುತ್ತೇನೆ, ನೀನು ಸ್ವಲ್ಪ ಮುಂಚೆಯೇ ಬಂದು ಬಾಗಿಲು ತೆರೆದಿಡು. ಪಾಠದ ಮಧ್ಯದಲ್ಲೂ ಆ ಕಡೆ ಕಣ್ಣಾಡಿಸು. ನೆಟ್‌ವರ್ಕ್ ಹೋಗಿ ವಾಪಸ್ ಬಂದ ಮಗು ಹೊರಗೇ ನಿಂತಿರುತ್ತದೆ, ಅದು ಕೂಗಿದರೆ ನಿನಗೆ ಕೇಳಿಸುವುದಿಲ್ಲ.

ನನ್ನ ಹೆಸರಿನದೂ ಒಂದು ಫಜೀತಿ. ಫೋನು ಲಾಂಡ್ರಿಯದು. ಒಂದೊಂದು ಇಸ್ತ್ರಿ ಮೇಜಿಗೂ ಒಂದೊಂದು ಕೊಟ್ಟಿದ್ದಾರೆ, ಆರ್ಡರ್ ನೋಡುವುದಕ್ಕೆ. ತರಗತಿಯಲ್ಲಿ ನನ್ನ ಹೆಸರು "ಮೇಜು 3" ಅಂತಲೇ ಬರುತ್ತದೆ. ಬದಲಾಯಿಸುವುದಕ್ಕೆ ನನಗೆ ಬರುವುದಿಲ್ಲ, ಏನಾದರೂ ಒತ್ತಿ ಕೆಟ್ಟುಹೋದರೆ ಓನರ್ ಬಾಯಿಗೆ ಯಾರು ಬೀಳುತ್ತಾರೆ? ಮೇಷ್ಟ್ರು, "ಇಲ್ಲಿ ಮೇಜು ಮೂರು ಅಂತ ಒಬ್ರಿದ್ದೀರಿ. ಯಾರು ಅಂತ ತಿಳ್ಕೊಬಹುದಾ?" ಅಂದರು. ಎಷ್ಟು ಮೆತ್ತಗೆ ಕೇಳಿದರು ಗೊತ್ತಾ. ಹೇಳಿದೆ. "ಸರಿ, ಮೇಜು ಮೂರು ಬಂದ್ರೆ ನಮಗೆ ಬರೆಯೋಕೆ ಅನುಕೂಲ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಈಗ ಎಲ್ಲರೂ ನನ್ನನ್ನು ಮೇಜಮ್ಮ ಅನ್ನುತ್ತಾರೆ.

ಮೈಕಿನ ಕತೆ ಇನ್ನೂ ಚೆಂದ. ಮೊದಲ ವಾರ ನಾನು ಪ್ರತಿ ಪ್ರಶ್ನೆಗೂ ಗಟ್ಟಿಯಾಗಿ ಉತ್ತರ ಹೇಳುತ್ತಿದ್ದೆ. ಮೇಷ್ಟ್ರು ಒಂದು ದಿನವೂ ಭೇಷ್ ಅನ್ನಲಿಲ್ಲ. ನನ್ನನ್ನು ಕಂಡರೆ ಅವರಿಗೆ ಆಗುವುದಿಲ್ಲ ಅಂತ ಎಷ್ಟು ಕೊರಗಿದೆ! ಆಮೇಲೆ ನೋಡಿದರೆ ಮೈಕು ಆಫ್ ಆಗಿತ್ತು. ನನ್ನ ಸರಿ ಉತ್ತರವೆಲ್ಲ ಗಂಜಿಪುಡಿ ಡಬ್ಬಕ್ಕೇ ಹೋಯಿತು. ಸರಿ, ಆನ್ ಮಾಡುವುದು ಕಲಿತೆ. ಆಫ್ ಮಾಡುವುದು ಕಲಿಯಲಿಲ್ಲ. ಒಂದು ರಜಾ ದಿನ ಓನರನ್ನು ಕೇಳಿ ಫೋನು ಮನೆಗೆ ತಂದು ಪಾಠ ಕೇಳುತ್ತಿದ್ದಾಗ ನಿಮ್ಮಪ್ಪ ಒಳಗಿಂದ, "ನನ್ನ ಇನ್ನೊಂದು ಕಾಲ್ಚೀಲ ಎಲ್ಲೇ ಹೋಯ್ತು, ಮನೇನಾ ಇದು ಸಂತೇನಾ!" ಅಂತ ಕೂಗಿದ್ದು ಇಡೀ ತರಗತಿಗೆ ಕೇಳಿಸಿತು. ನಮ್ಮ ಜೊತೆ ಒಬ್ಬ ಬೇಕರಿಯವರು ಓದುತ್ತಾರೆ. ಅವರು, "ಯಜಮಾನ್ರೇ, ಮಂಚದ ಕೆಳಗೆ ನೋಡಿ" ಅಂತ ಬರೆದು ಕಳಿಸಿದರು. ನೋಡಿದರೆ ಅಲ್ಲೇ ಇತ್ತು! ಈಗ ನಿಮ್ಮಪ್ಪ ಏನು ಕಳೆದರೂ, "ನಿಮ್ ಬೇಕರಿಯವರನ್ನ ಕೇಳೇ" ಅನ್ನುತ್ತಾರೆ.

ಆಮೇಲಿಂದ ಮೇಷ್ಟ್ರು ಒಂದು ಪದ್ಧತಿ ಮಾಡಿದರು. ಒಳಗೆ ಬರುವಾಗಲೇ ಎಲ್ಲರ ಮೈಕು ಆಫ್. ಆದರೆ ಹೇಳಿಯೇ ಮಾಡುತ್ತಾರೆ, "ಬಾಯಿ ಮುಚ್ಚಿಸ್ತಿಲ್ಲ, ಸದ್ದು ಮುಚ್ಚಿಸ್ತಿದ್ದೀನಿ" ಅಂತ. ಉತ್ತರ ಹೇಳಬೇಕಾದವರು ಆ ಕೈ ಗುರುತು ಒತ್ತಬೇಕು. ಪ್ರಶ್ನೆ ಕೇಳಿದ ಮೇಲೆ ಅವರು ಆತುರಪಡುವುದಿಲ್ಲ, ಸುಮ್ಮನೆ ಕಾಯುತ್ತಾರೆ. ನೀನು ಕಾಯುವುದಿಲ್ಲ ಕಣೇ. ಚಿಕ್ಕಂದಿನಿಂದ ನೀನೇ ಕೇಳಿ ನೀನೇ ಹೇಳಿಬಿಡುತ್ತೀಯ. ನೆಟ್‌ವರ್ಕ್ ನಿಧಾನ, ಅದಕ್ಕಿಂತ ನಮ್ಮ ತಲೆ ನಿಧಾನ. ಸ್ವಲ್ಪ ತಾಳು.

ಬೋರ್ಡಿನ ಮೇಲೆ ಗೀಚುವುದು ನಿನ್ನ ಮಕ್ಕಳು ಮಾತ್ರ ಅಂದುಕೊಂಡಿದ್ದೀಯಾ? ನಮ್ಮಲ್ಲಿ ಒಬ್ಬ ತಾತ ಇದ್ದಾರೆ, ರಿಟೈರಾದ ಡ್ರೈವರ್. ಪಾಠದ ಮಧ್ಯೆ ಬೋರ್ಡಿನ ತುಂಬಾ ಬಸ್ಸು ಬರೆಯುತ್ತಿದ್ದರು. ಮೇಷ್ಟ್ರು ಬೈಯಲಿಲ್ಲ. ಮೊದಲ ಐದು ನಿಮಿಷ ಬೋರ್ಡು ಎಲ್ಲರದು, ಏನು ಬೇಕಾದರೂ ಗೀಚಿ ಅಂದರು. ಆಮೇಲೆ ಅಳಿಸಿ, ಬೇರೆಯವರು ಬರೆಯದ ಹಾಗೆ ಒಂದು ಗುಂಡಿ ಇದೆಯಂತೆ, ಅದನ್ನು ಒತ್ತಿಬಿಡುತ್ತಾರೆ. ತಾತನ ಕೈ ತುರಿಕೆಯೂ ತೀರಿತು, ಪಾಠವೂ ಆಯಿತು. ನೀನೂ ಮಕ್ಕಳಿಗೆ ಹಾಗೆ ಮಾಡು. ಮೀಸೆ ಬರೆಯುತ್ತಾರಾ, ಬರೆಯಲಿ, ನೀನೇ ಒಂದು ಗಡ್ಡ ಸೇರಿಸು. ಅವರಿಗೆ ಆಸೆಯೇ ಹೊರಟುಹೋಗುತ್ತದೆ.

ನೆಟ್‌ವರ್ಕ್ ಹೋದರೆ ಅಂತ ಹೆದರುತ್ತೀಯಲ್ಲ, ಹೋಗುತ್ತದೆ. ನೀನು ಹೆದರಿದರೂ ಹೋಗುತ್ತದೆ, ಹೆದರದಿದ್ದರೂ ಹೋಗುತ್ತದೆ. (ನಾನು ಹೇಳುವ ಮಾತಾ ಇದು! ಗ್ಯಾಸ್ ಆರಿಸಿದ್ದೀನಾ ಅಂತ ಬಸ್‌ಸ್ಟಾಪಿನಿಂದ ವಾಪಸ್ ಬರುವವಳು ನಾನು.) ಮುಂಚೆಯೇ ಮಕ್ಕಳಿಗೆ ಹೇಳಿಡು, ನಾನು ಮಾಯವಾದರೆ ಈ ಪುಟದ ಈ ಲೆಕ್ಕ ಮಾಡ್ತಾ ಇರಿ, ವಾಪಸ್ ಬರ್ತೀನಿ ಅಂತ. ವಾಪಸ್ ಬರುತ್ತಾರೆ ಅಂತ ಗೊತ್ತಿದ್ದರೆ ಯಾರೂ ಗಲಾಟೆ ಮಾಡುವುದಿಲ್ಲ. ಹಾಂ, ಚಾರ್ಜರ್ ವೈರನ್ನು ಕಾಲಿಗೆ ಸಿಗದ ಹಾಗೆ ಗೋಡೆ ಬದಿಗೆ ಹಾಕು. ಹತ್ತಿರ ನೀರಿನ ಲೋಟ ಇಟ್ಟುಕೋ, ಆದರೆ ಲ್ಯಾಪ್‌ಟಾಪ್ ಪಕ್ಕ ಬೇಡ. ಮುಚ್ಚಳ ಇರುವ ಬಾಟಲಿ ಇಡು.

ಕ್ಯಾಮೆರಾ ಆಫ್ ಇದ್ದರೆ ಮಗು ಎದ್ದುಹೋಗಿದೆ ಅಂದುಕೊಳ್ಳಬೇಡ. ನಾನು ದಿನಾ ಆಫ್ ಮಾಡಿಯೇ ಕೂರುತ್ತೇನೆ. ಹಿಂದೆ ಬೆಡ್‌ಶೀಟಿನ ರಾಶಿ, ಮುಖದಲ್ಲಿ ಬೆವರು, ಯಾರಿಗೆ ತೋರಿಸಲಿ? ಮೇಷ್ಟ್ರು ಮಧ್ಯೆ ಮಧ್ಯೆ "ಮೇಜಮ್ಮ, ಇದ್ದೀರಾ?" ಅನ್ನುತ್ತಾರೆ. ಅಷ್ಟು ಸಾಕು, ಮೈಯೆಲ್ಲಾ ಕಿವಿಯಾಗುತ್ತದೆ. ನಿನ್ನ ಮಕ್ಕಳನ್ನೂ ಹೆಸರು ಹಿಡಿದು ಕರಿ.

ಇನ್ನೊಂದು ಖುಷಿ ಸಮಾಚಾರ, ಕೊನೆಗೆ ಹೇಳೋಣ ಅಂತ ಇಟ್ಟುಕೊಂಡಿದ್ದೆ. ಪಾಠ ಮಾಡುತ್ತಾ ಬಾಗಿಲು ನೋಡುವುದು ಒಬ್ಬರ ಕೈಲಿ ಆಗುವ ಕೆಲಸವಲ್ಲ ಅಂತ ಮೇಷ್ಟ್ರು ಆ ಕೆಲಸವನ್ನು ಒಬ್ಬ ವಿದ್ಯಾರ್ಥಿಗೆ ಕೊಟ್ಟರು. ಯಾರಿಗೆ ಹೇಳು? ನನಗೆ! ಹೊರಗೆ ಯಾರಾದರೂ ಬಂದರೆ ನನ್ನ ಫೋನಿಗೆ ಟಿಣ್ ಅನ್ನುತ್ತದೆ, ನಾನು ಒತ್ತಿದರೆ ಅವರು ಒಳಗೆ. ತಾತ ದಿನಾ ಲೇಟು. ಹೋದ ವಾರ ನಾನು ಒತ್ತಿದ ಮೇಲೂ ಬೇಕಂತಲೇ ಮೈಕು ಆನ್ ಮಾಡಿ, "ಏನಮ್ಮಾ ಹೆಡ್ ಮೇಡಂ, ಒಳಗೆ ಬರ್ಲಾ?" ಅಂದರು. "ಇವತ್ತೊಂದು ದಿನ ಬನ್ನಿ, ನಾಳೆಯಿಂದ ಬಸ್ಸು ಹೊರಟುಹೋಗುತ್ತೆ" ಅಂದೆ. ಎಲ್ಲಾ ಗೊಳ್ಳೆಂದು ನಕ್ಕರು. ಆವತ್ತು ಮನೆಗೆ ನಡೆದುಕೊಂಡು ಬಂದೆನೋ ಹಾರಿಕೊಂಡು ಬಂದೆನೋ ಗೊತ್ತಿಲ್ಲ. ನೀನೂ ಬಾಗಿಲಿಗೆ ಒಂದು ಮಗುವನ್ನು ಇಡು, ಬರೆದು ಬರುವ ಪ್ರಶ್ನೆಗಳನ್ನು ಓದಿ ಹೇಳುವುದಕ್ಕೆ ಇನ್ನೊಂದನ್ನು. ತುಂಬಾ ಕಿರುಚುವವನು ಯಾರೋ ಅವನನ್ನೇ ಇಡು.

ಹೊರಗಿನವರು ನುಗ್ಗುತ್ತಾರೆ ಅನ್ನುವ ಭಯ ನಿನಗೆ ಇದ್ದದ್ದೇ. ಹೋದ ವರ್ಷವೂ ನೀನೇ ಹೇಳಿದ್ದೆ, ಯಾರೋ ಗೊತ್ತಿಲ್ಲದವರು ದಿನಾ ಬಂದು ಕೂರುತ್ತಿದ್ದರು, ತೆಗೆದುಹಾಕಿದೆ ಅಂತ. ಒಳ್ಳೆಯದೇ. ಮಕ್ಕಳಿರುವ ಜಾಗ, ಹುಷಾರಾಗಿರಬೇಕು. ತೆಗೆಯುವ ಮುಂಚೆ ಯಾರು ಅಂತ ಒಂದು ಮಾತು ಕೇಳು, ಅಷ್ಟೇ.

ಕೆಲಸ ಬಿಡುವ ಮಾತು ಆಡಬೇಡ ಕಂದಾ. ನಾನು ಐದನೇ ಕ್ಲಾಸಿನಲ್ಲಿ ಶಾಲೆ ಬಿಟ್ಟಾಗ ನನ್ನನ್ನು ಯಾರೂ ಕೇಳಿರಲಿಲ್ಲ. ನಮ್ಮಮ್ಮನಿಗೆ ಹುಷಾರಿರಲಿಲ್ಲ, ತಂಗಿ ಕೈಗೂಸು, ಸೋಮವಾರದಿಂದ ನೀನು ಹೋಗಬೇಡ ಅಂದರು, ಮುಗಿಯಿತು. ಭಿನ್ನರಾಶಿ ಶುರುವಾದ ವಾರ ಅದು. ಬೆಡ್‌ಶೀಟನ್ನು ಮೂರು ಮಡಿಕೆ ಮಾಡು, ನಾಲ್ಕು ಮಡಿಕೆ ಮಾಡು ಅಂದರೆ ಕಣ್ಣುಮುಚ್ಚಿ ಮಾಡುತ್ತೇನೆ. ಆದರೆ ಮೂರರಲ್ಲಿ ಒಂದು ಪಾಲಿಗೆ ನಾಲ್ಕರಲ್ಲಿ ಒಂದು ಪಾಲು ಸೇರಿಸಿದರೆ ಎಷ್ಟು ಅಂದರೆ ಇವತ್ತಿಗೂ ಬಾಯಿ ಬಿಡುತ್ತೇನೆ. ನಮ್ಮ ಮೇಷ್ಟ್ರು ಇನ್ನೂ ಭಾಗಾಕಾರದಲ್ಲೇ ಇದ್ದಾರೆ, ತಾತ ಬಿಟ್ಟರೆ ತಾನೇ ಮುಂದೆ ಹೋಗುವುದು. ನಿನ್ನ ಗುರುವಾರದ ಪಾಠ ಅದೇ ಅಂದೆಯಲ್ಲ, ಅದನ್ನು ಕೇಳಿ ನನಗೆ ಏನೋ ಒಂಥರಾ ಆಯಿತು.

ಹೆದರಬೇಡ. ನಿನ್ನ ಪಾಲಿನ ಹೆದರಿಕೆಯನ್ನೆಲ್ಲ ನಾನೇ ಪಟ್ಟು ಮುಗಿಸಿದ್ದೇನೆ, ನಿನಗೆ ಏನೂ ಉಳಿಸಿಲ್ಲ. ಬೆಳಿಗ್ಗೆ ಏನಾದರೂ ತಿಂದು ಕೂತುಕೋ. ನಿನ್ನ ಗಂಟಲು ಗಟ್ಟಿಯಾಗಿರಲಿ, ನಿನ್ನ ನೆಟ್‌ವರ್ಕು ಅದಕ್ಕಿಂತ ಗಟ್ಟಿಯಾಗಿರಲಿ. ನೂರಾರು ಮಕ್ಕಳು ಟೀಚರ್ ಟೀಚರ್ ಅಂತ ನಿನ್ನ ಸುತ್ತ ನೂರು ವರ್ಷ ಗಲಾಟೆ ಮಾಡುತ್ತಿರಲಿ.

ಇಂತಿ,
ನಿನ್ನ ಅಮ್ಮ
(ಮೇಜಮ್ಮ, ಬಾಗಿಲ ಉಸ್ತುವಾರಿ)

ಮರೆತ ಮಾತು: ಮರೆತಿರಲಿಲ್ಲ, ಬರೆಯಲೋ ಬೇಡವೋ ಅಂತ ಇಷ್ಟು ಹೊತ್ತು ಪೆನ್ನು ಕಚ್ಚುತ್ತಾ ಕೂತಿದ್ದೆ. ಮೇಜು ಮೂರು ಅಂತ ಓದಿದಾಗಲೇ ನಿನಗೆ ಗೊತ್ತಾಗಿರಬಹುದು. ಹೋದ ವರ್ಷ ನೀನು ತೆಗೆದುಹಾಕಿದ್ದು ನನ್ನನ್ನೇ. ನೀನು ಕೆಲಸಕ್ಕೆ ಸೇರಿದ ದಿನ, "ನೋಡಮ್ಮ ನಿನ್ ಮಗಳು ಟೀಚರ್" ಅಂತ ಲಾಂಡ್ರಿ ಫೋನಿಗೆ ಲಿಂಕ್ ಕಳಿಸಿದ್ದೆಯಲ್ಲ, ಅದನ್ನೇ ಮತ್ತೆ ಮತ್ತೆ ಒತ್ತಿ ಬರುತ್ತಿದ್ದೆ. ಆಗ ನಿನ್ನ ತರಗತಿಗೆ ಈ ಕಾಯುವ ಬಾಗಿಲು ಇರಲಿಲ್ಲ, ಒತ್ತಿದರೆ ನೇರ ಒಳಗೆ. ನಿನ್ನನ್ನು ನೋಡುವುದಕ್ಕೆ ಅಂತ ಶುರುವಾಯಿತು, ಆಮೇಲೆ ಪಾಠಕ್ಕೇ ಬರುತ್ತಿದ್ದೆ. ನನ್ನನ್ನು ತೆಗೆದುಹಾಕಿದ ದಿನ ನೀನು, "ಮೂರರಲ್ಲಿ ಒಂದು, ನಾಲ್ಕರಲ್ಲಿ ಒಂದು, ಕೂಡಿಸೋಕೆ ಮೊದಲು ಏನ್ ಮಾಡ್ಬೇಕು ಗೊತ್ತಾ ಮಕ್ಕಳೇ?" ಅಂದೆ. ನಾನು ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ ಮುಂದಕ್ಕೆ ಬಾಗಿದೆ. ಅಷ್ಟರಲ್ಲಿ, "ಯಾರಿದು ಮೇಜು ಮೂರು? ಕದ್ದು ಕೂರೋರಿಗೆ ಇಲ್ಲಿ ಜಾಗ ಇಲ್ಲ" ಅಂದೆ. ಮಕ್ಕಳು ನಕ್ಕಿದ್ದು ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ. ಪೆಟ್ಟಿಗೆ ಕೆಳಗಿದ್ದ ದಿಂಬಿನ ಕವರ್ ಸುಟ್ಟುಹೋಯಿತು. ಎರಡನೇ ಸಲವೂ ಅದೇ ಲೆಕ್ಕಕ್ಕೇ ನನ್ನ ಶಾಲೆ ತಪ್ಪಿಹೋಯಿತಲ್ಲ ಅಂತ ಅಳು ಬಂತು. ನಿನ್ನ ಮೇಲೆ ಕೋಪ ಇಲ್ಲ ಕಣೇ, ಟೀಚರ್ ಆಗಿ ನೀನು ಮಾಡಿದ್ದು ಸರಿ. ಬೇರೆ ಶಾಲೆ ಹುಡುಕುವ ಛಲ ಬಂದದ್ದೂ ಆವತ್ತೇ. ಅಳಬೇಡ, ಅತ್ತರೆ ಗುರುವಾರಕ್ಕೆ ಗಂಟಲು ಕಟ್ಟುತ್ತೆ. ಆವತ್ತು ಮಾತ್ರ ಬಾಗಿಲು ನೋಡುವ ಮಗುವಿಗೆ ಮೊದಲೇ ಹೇಳಿಡು, ಮೇಜು ಮೂರು ಬಂದರೆ ಒಳಗೆ ಬಿಡು ಅಂತ. ಮೈಕು ಆಫ್ ಮಾಡಿಕೊಂಡು ಕೂರುತ್ತೇನೆ. ಕೂಡಿಸುವುದಕ್ಕೆ ಮೊದಲು ಏನು ಮಾಡಬೇಕು, ಅಲ್ಲಿಂದ ಶುರು ಮಾಡು.